‘ಅಪ್‌ರೈಟ್’ ಎಂದರೆ ನಮ್ಮ ಅತ್ತೆ

ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ದಿನ ಪಾಠದಲ್ಲಿ ‘ಅಪ್‌ರೈಟ್’ ಎಂಬ ಪದ ಬಂತು.

“ಬೆನ್ನು ನೆಟ್ಟಗ ಇದ್ದವ್ರೇನ್ರಿ?” ಎಂದಳು ಹುಡಗಿ ಎಂಬ ಊರಿನಿಂದ ಬರುತ್ತಿದ್ದ ವಿದ್ಯಾರ್ಥಿನಿ.

ಕಂಬಕ್ಕೆ ಹೇಳಿದರೆ ಹಾಗೆ, ಮನುಷ್ಯರಿಗೆ ಹೇಳಿದರೆ ಅದು ನಡತೆಯ ಮಾತು ಎಂದೆ. ಸುಳ್ಳು ಹೇಳದಿದ್ದರಷ್ಟೇ ಸಾಲದು. ಸುಮ್ಮನಿದ್ದರೆ ತಮಗೆ ಒಳ್ಳೆಯದು ಎಂದು ಗೊತ್ತಿದ್ದೂ ಸುಮ್ಮನಿರದವರಿಗೆ ಈ ಪದ ಒಪ್ಪುತ್ತದೆ. ಹುಡುಗಿಯರ ಮುಖ ನೋಡಿದರೆ ಅರ್ಥವಾದಂತಿರಲಿಲ್ಲ. ಆಗ ನಮ್ಮ ಸೋದರತ್ತೆಯ ವಿಷಯ ಹೇಳಿದೆ.

ಚಿಕ್ಕಂದಿನಲ್ಲಿ ಕಿವಿ ಸೋರಿ ನನ್ನ ಎಡಗಿವಿ ಕೇಳಿಸದಂತಾಗಿತ್ತು. ಬಸವಕಲ್ಯಾಣದ ನಮ್ಮ ಮನೆಗೆ ಮೊದಲ ಸಲ ಗಂಡಿನವರು ನೋಡಲು ಬಂದಾಗ ಅಪ್ಪ ಆ ಮಾತೆತ್ತಲಿಲ್ಲ. ಅವರು ಒಪ್ಪಿ, ಎಲೆ ಅಡಿಕೆ ಕೈಗೆ ತೆಗೆದುಕೊಳ್ಳುವಾಗ ಮೋರಖಂಡಿಯಿಂದ ಬಂದಿದ್ದ ಅತ್ತೆ ನಡುಮನೆಗೆ ಬಂದು ನಿಂತಳು.

“ಹುಡುಗಿಗಿ ಎಡಗಿವಿ ಕೇಳಂಗಿಲ್ರಿ. ತಿಳಕೊಂಡು ಮುಂದಿನ ಮಾತಾಡ್ರಿ.”

ಅವರು ಆಮೇಲೆ ತಿಳಿಸುತ್ತೇವೆಂದು ಎದ್ದು ಹೋದರು, ತಿಳಿಸಲಿಲ್ಲ. ಅಪ್ಪ ಕೂಗಾಡಿದ: “ನಿನಗ ಯಾರು ಕೇಳಿದ್ರು?”

“ಯಾರೂ ಕೇಳಲಿಲ್ಲಣ್ಣ, ಅದಕ್ಕೇ ಹೇಳಿದೆ. ನಾಳಿ ಗಂಡ ಕರದಾಗ ಇಕಿಗಿ ಕೇಳಲಿಲ್ಲಂದ್ರ ಸೊಕ್ಕು ಅಂತಾರ.”

ನಾನು ಒಳಗೆ ಕೂತು ಅತ್ತುಬಿಟ್ಟೆ. ಬಹಳ ದಿನ ಅತ್ತೆಯೊಡನೆ ಮಾತಾಡಲಿಲ್ಲ. ಅಪ್ಪ ಮಾತ್ರ ಆಮೇಲೆ ಬಂದವರಿಗೆಲ್ಲ ಕಿವಿಯ ವಿಷಯ ಮೊದಲೇ ಹೇಳತೊಡಗಿದ. ಇಬ್ಬರು ಹಾಗೇ ಹಿಂದಿರುಗಿದರು. ಹುಮನಾಬಾದಿನಿಂದ ಬಂದ ವರ ಮಾತ್ರ ಎದ್ದು ಬಂದು ನನ್ನ ಬಲಕ್ಕೆ ಕುಳಿತು, “ಈ ಕಡೆ ಕೇಳ್ತದಲ್ಲ?” ಎಂದರು. ಅವರನ್ನೇ ಮದುವೆಯಾದೆ; ನನ್ನನ್ನು ಕಾಲೇಜಿಗೆ ಕಳಿಸಿದವರೂ ಅವರೇ.

ಕತೆ ಮುಗಿದಾಗ ಹಲವರು ತಲೆಯಾಡಿಸಿದರು. ಹುಡಗಿ ಊರಿನ ವಿದ್ಯಾರ್ಥಿನಿ ಒಪ್ಪಲಿಲ್ಲ. “ಕಿವಿ ನಿಮ್ದಲ್ಲೇನ್ರೀ, ಟೀಚರ್? ನಿಮಗ ಒಂದು ಮಾತು ಕೇಳಿ ಹೇಳಬೇಕಿತ್ತು.”

ನನಗೆ ಅದು ಎಂದೂ ಹೊಳೆದಿರಲಿಲ್ಲ. ರಜೆಯಲ್ಲಿ ಮೋರಖಂಡಿಗೆ ಹೋದಾಗ, ಹುಳಿಗೆಂದು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದ ಅತ್ತೆಯನ್ನೇ ಕೇಳಿದೆ.

ಅವಳು ಕೈ ನಿಲ್ಲಿಸದೆ ಹೇಳಿದಳು: “ಕೇಳಿದ್ರ ನೀ ‘ಬ್ಯಾಡ, ಅತ್ತಿ’ ಅಂತಿದ್ದಿ. ಆಮ್ಯಾಲ ನಾ ಹ್ಯಾಂಗ ಹೇಳ್ಲಿ?”