ನನ್ನ ಹೆಸರಿನ ಲಕೋಟೆ

“ಹಸೀನಾಬಾನು ಅಂದ್ರ ನೀವ ಏನ್ರಿ?” ಎಂದು ಪೋಸ್ಟ್‌ಮನ್ ಕೇಳಿದಾಗ ನಿಪ್ಪಾಣಿಯ ನಮ್ಮ ಒಂದೇ ಖೋಲಿಯ ಮನೆಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದೆ. ತಂಬಾಕಿನ ಕೈಯಲ್ಲೇ ಓಡಿಹೋಗಿ ಲಕೋಟೆ ಇಸಿದುಕೊಂಡೆ.

ಎಂಬತ್ತರ ದಶಕದಲ್ಲಿ ಮುಂಬೈಯಲ್ಲಿ ನನ್ನ ಗಂಡ ದುಡಿಯುತ್ತಿದ್ದ ಮಿಲ್ಲು ಮುಚ್ಚಿದ ಮೇಲೆ ನಾವು ಐದು ವರ್ಷ ಸೇತುವೆಯೊಂದರ ಕೆಳಗೆ ಬದುಕಿದವರು. ರೇಶನ್ ಕಾರ್ಡು ಕೇಳಿದರೆ ವಿಳಾಸವಿಲ್ಲವೆಂದು ತಿರುಗಿ ಕಳಿಸುತ್ತಿದ್ದರು. ಊರಿಗೆ ಮರಳಿ, ಬೀಡಿ ಕಟ್ಟಿಯೇ ಈ ಖೋಲಿ ಮಾಡಿಕೊಂಡೆವು. ಅಂಗನವಾಡಿ ಕೆಲಸಕ್ಕೂ ಅರ್ಜಿ ಹಾಕಿದ್ದೆ.

“ಏನ್ ಬರದಾರ? ನೌಕರಿ ಸಿಕ್ಕೈತೇನ?” ಎಂದು ಗಂಡ ಅವಸರ ಮಾಡಿದರು.

“ತಡೀರಿ, ಇನ್ನೂ ವಿಳಾಸ ಓದಾಕತ್ತೀನಿ,” ಅಂದೆ.

ನೌಕರಿ ಸಿಕ್ಕಿತ್ತು. ಆದರೆ ನನ್ನ ಕಣ್ಣು ತುಂಬಿದ್ದು ಹೆಸರಿನ ಕೆಳಗೆ ಮನೆ ನಂಬರು ಕಂಡಾಗಲೇ. ಸರಕಾರಕ್ಕೂ ಈಗ ನಮ್ಮ ಮನೆಯ ದಾರಿ ಗೊತ್ತಾಗಿತ್ತು.