ಬೆಲ್ಲಕ್ಕೆ ಅಂಟಿದ ಕೊನೆಯ ಪುಟ

ಅಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದೇ ದೊಡ್ಡ ಮಾತು; ಅದರ ಪಕ್ಕದಲ್ಲಿ ಆಡಿನ ಮರಿ ನಡೆದರೂ ಮುಂದೆ ಹೋಗುತ್ತಿತ್ತು. ಚಿಕ್ಕೋಡಿಯಿಂದ ಹೊರಟರೆ ದಿಗ್ಗೇವಾಡಿ ಮುಟ್ಟುವುದಕ್ಕೇ ಎರಡು ದಿನ ತಿನ್ನುತ್ತಿತ್ತು. ಹಾಗಾಗಿ ಕೆಲಸ ನಡೆದಲ್ಲೇ ರೋಲರಿನ ಪಕ್ಕ ತಾಡಪತ್ರಿ ಕಟ್ಟಿಕೊಂಡು ಅಪ್ಪನ ವಾಸ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಒಂದು ದಿನ ಇದ್ದು ಹೋಗುತ್ತಿದ್ದ. “ದಿನಾ ಹಿಂದಕ್ಕ ಮುಂದಕ್ಕ ಹೊಡೀತೀರಿ. ಹಿಂದಕ್ಕ ಹೊಡ್ಯಾಗ ಒಮ್ಮೆರ ಮನಿಮಟಾ ಬರಬಾರದೇನ್ರಿ?” ಎಂದು ಅವ್ವ ಚುಚ್ಚುತ್ತಿದ್ದಳು. ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನಗೆ ಐದು ವರ್ಷವಿದ್ದಾಗ ಅಪ್ಪ ನಿಪ್ಪಾಣಿಯ ರದ್ದಿ ಅಂಗಡಿಯಿಂದ ಒಂದು ಚಿತ್ರದ ಪುಸ್ತಕ ತಂದ. ರಟ್ಟು ಹರಿದಿತ್ತು, ಹೆಸರಿರಲಿಲ್ಲ, ಒಳಗೆಲ್ಲ ಇಂಗ್ಲಿಷು. ನಮ್ಮ ಮನೆಯಲ್ಲಿ ಅದು ಆಗ ಯಾರಿಗೂ ಬರುತ್ತಿರಲಿಲ್ಲ. ಆದರೇನು, ಪುಟಪುಟಕ್ಕೂ ಒಂದು ಹಸಿರು ರೋಲರ್! ಅದಕ್ಕೆ ಕಣ್ಣು, ಹುಬ್ಬು ಎಲ್ಲ ಇದ್ದವು. ಕೆಸರಲ್ಲಿ ಹೂತು, ಮಳೆಯಲ್ಲಿ ನೆನೆದು, ಗುಡ್ಡ ಹತ್ತುವಾಗ ಹಲ್ಲು ಕಚ್ಚಿ ದಾರಿ ಮಾಡುತ್ತಿತ್ತು. ಮೇಲೆ ಟೊಪ್ಪಿಗೆ ಹಾಕಿಕೊಂಡ ಡ್ರೈವರ್. ಅಪ್ಪ ಮೊದಲು ಪುಸ್ತಕವನ್ನೆಲ್ಲ ತಾನೊಮ್ಮೆ ತಿರುವಿ ನೋಡಿ, ಆಮೇಲೆ ಚಿತ್ರ ತೋರಿಸುತ್ತ ಅರ್ಧ ಕಥೆ ಹೇಳಿದ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. “ಉಳದದ್ದು ಮುಂದಿನ ಸಲ ಹೇಳ್ತೇನವ್ವಾ” ಎಂದು ಚೀಲ ಹೆಗಲಿಗೇರಿಸಿದ.

ಮುಂದಿನ ಸಲಕ್ಕೆ ಮೊದಲೇ ದಸರೆಯ ಖಂಡೇ ಪೂಜೆ ಬಂತು. ಅವತ್ತು ಯಂತ್ರ ಎಲ್ಲಿ ನಿಂತಿದೆಯೋ ಡ್ರೈವರ್ ಅಲ್ಲೇ ಇರಬೇಕು. ಅದನ್ನು ತೊಳೆದು, ಚೆಂಡುಹೂ ಕಟ್ಟಿ, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು ಹಾಯಿಸಬೇಕು. ರೋಲರ್ ಆಗ ಅಥಣಿಯಾಚೆ ಕೊಕಟನೂರಿನ ದಾರಿಯಲ್ಲಿತ್ತು. ಅಪ್ಪ ಹಬ್ಬಕ್ಕೆ ಬರುವುದಿಲ್ಲ ಎಂದು ಅವ್ವ ಹೇಳಿದಾಗ ನನಗೊಂದು ಉಪಾಯ ಹೊಳೆಯಿತು. ಮನೆಯಲ್ಲೇ ರೋಲರ್ ಪೂಜೆ ಇಟ್ಟರೆ ಅಪ್ಪ ಇಲ್ಲಿಗೇ ಬರಬೇಕಾಗುತ್ತದಲ್ಲ!

ಪುಸ್ತಕದ ಕೊನೆಯ ಪುಟದಲ್ಲಿ ಗಾಲಿ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದನ್ನೇ ತೆರೆದು, ಚಿತ್ರದಲ್ಲಿ ಬೇರೇನಿದೆ ಎಂದೂ ನೋಡದೆ, ಗಾಲಿಗೆ ಕುಂಕುಮ ಹಚ್ಚಿದೆ. ಗಾಲಿಯ ಕೆಳಗೆ ಅರ್ಧ ಲಿಂಬೆಹಣ್ಣು, ನೈವೇದ್ಯಕ್ಕೆ ದೊಡ್ಡದೊಂದು ಬೆಲ್ಲದ ಚೂರು. ಇನ್ನು ಹಣ್ಣಿನ ಮೇಲೆ ಗಾಲಿ ಹಾಯಬೇಕಲ್ಲ? ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟೆ. ಬಾಗಿಲ ಕಡೆ ಮುಖ ಮಾಡಿ ಸಂಜೆವರೆಗೂ ಕೂತಿದ್ದೆ. ಅವ್ವ ಹೋಳಿಗೆಗೆ ಕರೆದರೂ ಏಳಲಿಲ್ಲ. ಅಪ್ಪ ಬರಲಿಲ್ಲ.

ಬಂದದ್ದು ಹಬ್ಬ ಮುಗಿದ ವಾರದ ಮೇಲೆ. ಅಷ್ಟೊತ್ತಿಗೆ ಕೊನೆಯ ಎರಡು ಪುಟ ಕಲ್ಲಿನಂತೆ ಅಂಟಿದ್ದವು. ನಾನು ಮನೆ ಕಿತ್ತುಹೋಗುವ ಹಾಗೆ ಅತ್ತೆ. “ಹುಚ್ಚಖೋಡಿ! ಇಲ್ಲೆ ಕೊಡ್ರಿ, ಚಾದ ಹಬಿಗೆ ಹಿಡದ್ರ ಬಿಡತಾವು” ಎಂದು ಅವ್ವ ಕೈ ಚಾಚಿದಳು. ಅಪ್ಪ ಕೊಡಲಿಲ್ಲ. “ಬ್ಯಾಡ ಬಿಡು, ಹರೀತಾವು” ಎಂದ. ತುಕ್ಕು ಹಿಡಿದ ನಟ್ಟನ್ನು ಒಂದೇ ಪಟ್ಟಿಗೆ ಬಿಚ್ಚುವ ಮನುಷ್ಯ ಎರಡು ಹಾಳೆಗೆ ಹೆದರಿದ್ದು ಅವ್ವನಿಗೂ ಸೋಜಿಗವೇ.

“ಮತ್ತ ಕಡೀಕ ಏನಾತಪಾ?” ಎಂದೆ.

ಅಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಂಟಿದ ಹಾಳೆಗಳನ್ನು ಅಂಗೈಯಿಂದ ಒತ್ತಿದ. “ಕಡೀಕ ಏನ್, ದಾರಿ ಮುಗೀತು. ರೋಲರ್ ಸೀದಾ ಮನಿಗೆ ಬಂತು. ಬಾಗಲದಾಗ ನಿಂತು ಡಬ್ ಡಬ್ ಅಂತು. ಒಳಗಿಂದ ಒಂದ್ ಹುಡುಗಿ ಓಡಿ ಬಂದ್ಲು.”

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಕೊನೆ. ಅಪ್ಪ ಇಲ್ಲದ ದಿನಗಳಲ್ಲಿ ಅಂಟಿದ ಹಾಳೆಗಳ ಮೇಲೆ ಕೈಯಿಟ್ಟು, ಒಳಗೆ ನಮ್ಮ ಮನೆ ಇದೆ ಎಂದುಕೊಂಡು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಈ ವಯಸ್ಸಿನಲ್ಲೂ ರಸ್ತೆಗೆ ಡಾಂಬರು ಹಾಕುವ ವಾಸನೆ ಬಂದರೆ ನನ್ನ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತದೆ.

ಮೊನ್ನೆ ಮಗಳು ಆ ಪುಸ್ತಕದ ಒಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದು ಹುಡುಕಿದಳು. ಇಷ್ಟು ವರ್ಷ ಹೆಸರೇ ಗೊತ್ತಿರದ ಪುಸ್ತಕ ನಾಲ್ಕು ದಿನದಲ್ಲಿ ಹೊಸದಾಗಿ ಮನೆಗೇ ಬಂತು! ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಮೇಲೆ ಶಾಲೆಯಲ್ಲಿ ಕಲಿತ ಇಂಗ್ಲಿಷಿನಿಂದ ಕೂಡಿಸಿ ಕೂಡಿಸಿ ಓದಿದೆ. ಕೊನೆಯ ಪುಟ ತೆರೆದೆ.

ಮನೆ ಇರಲಿಲ್ಲ. ಊರ ಜನ ಕೈ ಬೀಸುತ್ತಿದ್ದರು. ಅದೇ ದೊಡ್ಡ ಗಾಲಿಯ ರೋಲರ್ ಮತ್ತು ಡ್ರೈವರ್ ನಮಗೆ ಬೆನ್ನು ಮಾಡಿ ಬೇರೊಂದು ಗುಡ್ಡದ ಕಡೆ ಹೊರಟಿದ್ದರು. ಮರುದಿನ ಇನ್ನೊಂದು ದಾರಿ ಶುರು ಎಂದು ಕೆಳಗೆ ಬರೆದಿತ್ತು. ಸಿಟ್ಟು ನೆತ್ತಿಗೇರಿತು. ಅಷ್ಟು ದುಡಿದವನಿಗೆ ಒಂದು ಮನೆ ಬರೆಯಲು ಬಣ್ಣ ಕಮ್ಮಿ ಬಿತ್ತೇ ಈ ಪುಸ್ತಕ ಮಾಡಿದವರಿಗೆ?

ಆಮೇಲೆ ಹೊಳೆಯಿತು. ಇಂಗ್ಲಿಷ್ ಬರದಿದ್ದರೂ ಅಪ್ಪನಿಗೆ ಚಿತ್ರ ಕಾಣುತ್ತಿತ್ತಲ್ಲ. ಈ ಕೊನೆ ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಚಹಾದ ಹಬೆಗೆ ಹಿಡಿಯಗೊಡಲಿಲ್ಲ. ಅಪ್ಪ ಬಾಗಿಲಿಗೆ ಬರಲಿ ಎಂಬ ಆಸೆ ನನಗಷ್ಟೇ ಇತ್ತೆಂದು ಇಷ್ಟು ವರ್ಷ ತಿಳಿದಿದ್ದೆ.

“ಆಯೀ, ಅಂವ ಮನಿಗೆ ಯಾವಾಗ ಹೋಗ್ತಾನ?” ಎಂದಳು ಮೊಮ್ಮಗಳು, ಪುಟದ ಹಿಂದೆಯೂ ತಿರುವಿ ನೋಡುತ್ತ.

“ತಡಿ, ಪೂಜಿ ಆಗೂದೈತಿ” ಎಂದು ಎದ್ದು ಹೋಗಿ ಬೆಲ್ಲದ ಡಬ್ಬಿ, ಲಿಂಬೆಹಣ್ಣು ತಂದೆ. ಕೊನೆಯ ಪುಟದ ಮೇಲೆ ಲಿಂಬೆಹಣ್ಣು ಹಿಂಡಿ, ಬೆಲ್ಲವಿಟ್ಟು ಪುಸ್ತಕ ಮುಚ್ಚಿದೆ.

“ಹೂಂ, ಈಗ ಇದರ ಮ್ಯಾಲ ಕುಂಡ್ರು. ಬಾಗಲ ಕಡೆ ಮುಖಾ ಮಾಡು.”