ಹೊಗೆಯಿಲ್ಲದ ಬಾಯ್ಲರಿಗೆ ಎರಡು ಹರಕೆ

ಬಚ್ಚಲ ಒಲೆ ಊದುತ್ತಿದ್ದೆ. ಸೌದೆ ಒದ್ದೆ, ಕಣ್ಣು ತುಂಬ ನೀರು. ಆಗ ಇವರು ಬಂದು ಬಾಗಿಲಲ್ಲಿ ನಿಂತು, ತಮ್ಮ ಕಾರ್ಖಾನೆಗೆ ಹೊಗೆಯೇ ಇಲ್ಲದ ಬಾಯ್ಲರ್ ಬರುತ್ತದೆ ಎಂದರು. ಯಾವ ಸುದ್ದಿಯನ್ನು ಎಲ್ಲಿ ನಿಂತು ಹೇಳಬೇಕೆಂದು ಇವರಿಗೆ ಯಾವಾಗಲೂ ಗೊತ್ತು.

ಇವರು ಪುತ್ತೂರಿನ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಬೀಜ ಹಬೆಯಲ್ಲಿ ಬೆಂದರೆ ಮಾತ್ರ ಸಿಪ್ಪೆ ಒಡೆಯಲು ಬರುತ್ತದೆ. ದಿನಾ ಬೆಳಿಗ್ಗೆ ಬಾಯ್ಲರಿನ ಒಲೆಗೆ ಒಂದು ತುಂಡು ಕರ್ಪೂರ ಹಾಕಿ, ಕೈ ಮುಗಿದು, ಆಮೇಲೆ ಸೌದೆ ಹಾಕುವುದು ಇವರ ಕ್ರಮ. ಈಗ ಹೊರದೇಶದ ಗಿರಾಕಿಗಳಿಗೆ ಸೌದೆಯ ಹೊಗೆ ಆಗುವುದಿಲ್ಲವಂತೆ. ಹೊಸತು ಕರೆಂಟಿನದ್ದು. ಸುಮ್ಮನೆ ಹೊರಗೆ ಹೋಗುವ ಬಿಸಿಯನ್ನು ಎಳೆದುಕೊಂಡು, ಒತ್ತಿ ಹೆಚ್ಚಿಸಿ, ಅದರಿಂದಲೇ ಹಬೆ ಮಾಡುತ್ತದಂತೆ.

"ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ಉಂಟಲ್ಲ? ಅದೇ, ದೊಡ್ಡದು."

"ಹಾಗಾದ್ರೆ ನಿಮಗೆ ಎಂತ ಕೆಲಸ ಅಲ್ಲಿ?"

"ಕಾರ್ಖಾನೆಯ ಧನಿಗಳು ‘ನೋಡುವ’ ಅಂದಿದ್ದಾರೆ."

ನಮ್ಮ ಕಡೆ ದೊಡ್ಡವರು ‘ನೋಡುವ’ ಎಂದರೆ ಇಲ್ಲ ಎಂದೇ. ಮರ್ಯಾದೆಗೆ ಹಾಗೆ ಹೇಳುವುದು. ಐವತ್ತು ದಾಟಿದವರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಇವರ ಕೆಲಸ ಉಳಿದರೆ ಹೂವಿನ ಪೂಜೆ ಮಾಡಿಸುತ್ತೇನೆಂದು ಊರ ದೇವರಿಗೆ ಹರಕೆ ಹೇಳಲು ಹೋದೆ.

ಗುಡಿಯಲ್ಲಿ ದೇವರ ಎದುರಿನ ನಡೆಯಲ್ಲಿ ಧನಿಗಳ ಹೆಂಡತಿ ನಿಂತಿದ್ದರು.

"ನಿಂದು ಎಂತ ಹರಕೆ ಮಾರಾಯ್ತಿ?"

"ಇವರ ಕೆಲಸದ್ದು ಅಮ್ಮ."

"ನಮ್ಮದು ಹೊಸ ಮೆಷಿನಿಂದು. ಯಾವ ತೊಂದರೆಯೂ ಇಲ್ಲದೆ ನಡೆಯಲಿ ಅಂತ."

ಭಟ್ಟರು ಇಬ್ಬರ ಹರಕೆಯನ್ನೂ ಒಂದೇ ಉಸಿರಿನಲ್ಲಿ ದೇವರಿಗೆ ಹೇಳಿ, ಒಂದೇ ಹರಿವಾಣದಿಂದ ಪ್ರಸಾದ ಕೊಟ್ಟರು. ಪಾಪ, ದೇವರು ಎಂತ ಮಾಡಿಯಾನು ಎಂದುಕೊಂಡು ಮನೆಗೆ ಬಂದೆ.

ಮೆಷಿನು ಬಂತು. ಗುಂಯ್ ಎನ್ನುವ ಸದ್ದು ಬಿಟ್ಟರೆ ಕಿರಿಕಿರಿ ಇಲ್ಲ, ಹಬೆಯೂ ಚೆನ್ನಾಗಿ ಕೊಡುತ್ತದೆ ಎಂದು ಇವರೇ ಹೊಗಳಿದರು. ಕರ್ಪೂರ ಹಾಕಲು ಮಾತ್ರ ಅದಕ್ಕೆ ಬಾಯಿ ಇಲ್ಲ. ದಿನಾ ಅಂಗಿಯ ಕಿಸೆಯಲ್ಲಿ ಕೊಂಡುಹೋಗುವುದು, ಹಾಗೆಯೇ ವಾಪಸ್ ತರುವುದು. ಹಳೆಯ ಬಾಯ್ಲರನ್ನು ಗುಜರಿಯವನಿಗೆ ಮಾತಾಡಿ ಆಗಿತ್ತು. ಅದನ್ನು ಬಿಚ್ಚಿಕೊಡುವವರೆಗೆ ಇವರಿಗೆ ಕೆಲಸ.

ಅಷ್ಟರಲ್ಲಿ ಮಳೆಗಾಲದ ಗಾಳಿ ಶುರುವಾಯಿತು. ಒಂದು ದಿನ ದೋಸೆಗೆ ಹಿಟ್ಟು ಕಡೆಯುತ್ತಿದ್ದಾಗ ಗ್ರೈಂಡರು ಅರ್ಧದಲ್ಲೇ ನಿಂತಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಕರೆಂಟಿನವರಿಗೆ ನಾಲ್ಕು ಮಾತು ಬೈಯುವಾಗಲೇ ಇವರ ಫೋನು ಬಂತು.

ಅಲ್ಲಿಯೂ ಕರೆಂಟಿಲ್ಲ. ಬೀಜ ಅರ್ಧ ಬೆಂದು ನಿಂತಿದೆ. ಅಷ್ಟು ದೊಡ್ಡ ಮೆಷಿನನ್ನು ಎಳೆಯುವ ಜನರೇಟರು ಅಲ್ಲಿಲ್ಲ. ಗುಜರಿಯವನ ಲಾರಿ ಗೇಟಿನ ಹತ್ತಿರ ಬಂದು ನಿಂತಿತ್ತಂತೆ. ಧನಿಗಳೇ ಮಳೆಯಲ್ಲಿ ಓಡಿ ಅದನ್ನು ತಿರುಗಿಸಿ ಕಳಿಸಿದರಂತೆ.

"ಹಳೆಯದಕ್ಕೆ ಬೆಂಕಿ ಹಾಕ್ಲಿಕ್ಕೆ ಹೇಳಿದ್ರು. ಇನ್ನು ಮುಂದೆ ಎರಡನ್ನೂ ನಾನೇ ನೋಡಿಕೊಳ್ಳುದಂತೆ."

"ಕರ್ಪೂರ ಉಂಟಾ?"

"ಕಿಸೆಯಲ್ಲೇ ಉಂಟು."

ಮೆಷಿನಿಗೆ ಯಾವ ತೊಂದರೆಯೂ ಆಗಲಿಲ್ಲ, ಇವರ ಕೆಲಸವೂ ಹೋಗಲಿಲ್ಲ. ದೇವರು ಇಬ್ಬರ ಮಾತನ್ನೂ ನಡೆಸಿಕೊಟ್ಟ, ಮಧ್ಯೆ ಕರೆಂಟೊಂದನ್ನು ತೆಗೆದ, ಅಷ್ಟೆ. ಬೈದದ್ದನ್ನು ಮನಸ್ಸಿನಲ್ಲೇ ಹಿಂದೆ ತೆಗೆದುಕೊಂಡು ದೀಪಕ್ಕೆ ಎಣ್ಣೆ ಹಾಕಿದೆ. ಆಮೇಲೆ ಮೂಲೆಯಲ್ಲಿದ್ದ ಕಡೆಯುವ ಕಲ್ಲನ್ನು ತೊಳೆದು, ಅರ್ಧ ನುರಿದ ಹಿಟ್ಟನ್ನು ಅದಕ್ಕೆ ಸುರಿದು, ಕಡೆಯಲು ಕುಳಿತೆ.